ಕೃತಕ ಹೂಗುಚ್ಛ: ಹಣ ಹೂವಿಗಿಂತ ಮೊದಲು ಎಲೆಗೂ ಕಡ್ಡಿಗೂ ಹೋಗಲಿ

ಮಾನ್ಯ ಸಂಪಾದಕರೇ,

ನವರಾತ್ರಿ ಹತ್ತಿರವಾಗುತ್ತಿದ್ದಂತೆ ಹಬ್ಬದ ಪುರವಣಿಗಳಲ್ಲೂ ಮೊಬೈಲಿನ ವಿಡಿಯೊಗಳಲ್ಲೂ ಮನೆಯಲ್ಲೇ ಕೃತಕ ಹೂಗುಚ್ಛ ಮಾಡುವ ವಿಧಾನಗಳು ಬರತೊಡಗುತ್ತವೆ. ನೋಡಿ ಕೈ ಹಾಕುವವರೂ ಬಹಳ ಮಂದಿ ಇದ್ದಾರೆ, ಅದು ಸಂತೋಷವೇ. ಆದರೆ ಅವುಗಳಲ್ಲಿ ಹೆಚ್ಚಿನವು ಒಣ ಹವೆಯ ಊರುಗಳಿಗೆ ಹೇಳಿದವು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಮ್ಮ ಕಾಸರಗೋಡಿಗೆ ಅವು ಹಾಗೆ ಹಾಗೆಯೇ ಹೊಂದುವುದಿಲ್ಲ. ದೀಪಾವಳಿಗೆ ಚಂದವಾಗಿ ನಿಂತ ಗುಚ್ಛ ಮುಂದಿನ ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ತಂತಿ ತುಕ್ಕು ಹಿಡಿದು, ಕಾಗದ ಸೋತು, ಬಟ್ಟೆಗೆ ಬೂಸ್ಟು ಬಂದು ಕಸದ ಚೀಲ ಸೇರುತ್ತದೆ. ಮತ್ತೆ ಹೊಸತು ಕೊಳ್ಳಬೇಕು. ಕಡಿಮೆ ಖರ್ಚು ಎಂದು ಶುರುಮಾಡಿದ್ದು ವರ್ಷ ವರ್ಷದ ಖರ್ಚಾಗುತ್ತದೆ. ಇಲ್ಲಿನ ಹವೆಗೆ ಬಾಳುವಂತೆ ಮಾಡುವುದು ಹೇಗೆ ಎಂಬುದನ್ನು ಓದುಗರ ಮುಂದಿಡಲು ಈ ಪತ್ರ. ದೇವರ ಕೋಣೆಗೆ ತೋಟದ ಕೇಪಳ, ದಾಸವಾಳವೇ ಆಗಬೇಕು. ಇಲ್ಲಿ ಹೇಳುತ್ತಿರುವುದು ಚಾವಡಿಯ ಮೂಲೆ, ಟೀಪಾಯಿ, ಶೋಕೇಸುಗಳ ಮಾತು.

ಎಲ್ಲಕ್ಕಿಂತ ಮೊದಲು ಹಣದ ಲೆಕ್ಕ. ಮುನ್ನೂರು ರೂಪಾಯಿ ಕೈಯಲ್ಲಿದ್ದರೆ ಹೆಚ್ಚಿನವರು ಮುನ್ನೂರಕ್ಕೂ ಹೂವನ್ನೇ ತರುತ್ತಾರೆ. ಮನೆಗೆ ಬಂದ ಮೇಲೆ ಎಲೆ ಸಾಲದು, ಕಡ್ಡಿ ಗಿಡ್ಡ, ಪಾತ್ರೆ ಹಗುರ. ಆಗ ಆ ಖಾಲಿ ತುಂಬಿಸಲು ಇನ್ನಷ್ಟು ಹೂ ತುರುಕುತ್ತಾರೆ. ಗುಚ್ಛ ಸುಳ್ಳುಸುಳ್ಳಾಗಿ ಕಾಣುವುದೇ ಆ ತುರುಕುವಿಕೆಯಿಂದ. ನೂರು ರೂಪಾಯಿ ಎಲೆಗೆ ಇರಲಿ, ಐವತ್ತು ಸರಿಗೆ (ತಂತಿ) ಮತ್ತು ಟೇಪಿಗೆ, ಉಳಿದದ್ದು ಹೂವಿಗೆ. ಪಾತ್ರೆಗೂ ಬುಡಕ್ಕೂ ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ.

ಪಾತ್ರೆ ಯಾವುದೂ ಆದೀತು: ಹಳೆಯ ಮಣ್ಣಿನ ಕುಡಿಕೆ, ಬಾಯಿ ಒಡೆದ ಭರಣಿ, ಹಿತ್ತಾಳೆಯ ಚೊಂಬು. ಆದರೆ ಹೊಳೆಯುವ ಪಾರದರ್ಶಕ ಗಾಜು ಬೇಡ. ಒಳಗಿನ ಸರಿಗೆ, ಹೊಯ್ಗೆ (ಮರಳು) ಎಲ್ಲ ಹೊರಗೆ ಕಾಣುತ್ತದೆ. ಅದನ್ನು ಮುಚ್ಚಲು ಬಣ್ಣದ ಕಲ್ಲು ತುಂಬಿಸಿದರೆ ಕಣ್ಣು ಹೂವಿನ ಬದಲು ಕಲ್ಲಿನ ಮೇಲೆ ಹೋಗುತ್ತದೆ. ಮುಂದೆ ಹೇಳುವ ಅಳತೆಗಳೆಲ್ಲ 15 ಸೆಂ.ಮೀ. ಎತ್ತರ, 10 ಸೆಂ.ಮೀ. ಅಗಲದ ಬಾಯಿಯ ಪಾತ್ರೆಯನ್ನು ಲೆಕ್ಕ ಹಿಡಿದು ಹೇಳಿದ್ದು.

ಬುಡದ ವಿಷಯಕ್ಕೆ ಬರೋಣ. ಬಿಳಿ ಥರ್ಮೋಕೋಲ್ ತುಂಡನ್ನು ಪಾತ್ರೆಯೊಳಗೆ ಒತ್ತಿ ಅದಕ್ಕೆ ಕಡ್ಡಿ ಚುಚ್ಚುವ ವಿಧಾನ ಎಲ್ಲ ಕಡೆ ಕಾಣಸಿಗುತ್ತದೆ. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದನ್ನು ಕೇಂದ್ರ ಸರಕಾರ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದೆ. ನಿಷೇಧ ಒತ್ತಟ್ಟಿಗಿರಲಿ, ಕೆಲಸಕ್ಕೂ ಅದು ಆಗುವುದಿಲ್ಲ. ಒಮ್ಮೆ ಚುಚ್ಚಿದ ತೂತು ಮತ್ತೆ ಕೂಡಿಕೊಳ್ಳುವುದಿಲ್ಲ, ಕಡ್ಡಿ ಎರಡು ಸಲ ಬದಲಿಸಿದರೆ ಸಡಿಲ. ಅದಕ್ಕೆ ತೂಕವೂ ಇಲ್ಲ, ಫ್ಯಾನಿನ ಗಾಳಿಗೆ ಪಾತ್ರೆ ಸಮೇತ ಉರುಳುತ್ತದೆ. ತಾಜಾ ಹೂವಿಗೆ ನೀರು ಹೀರಿಸಿ ಬಳಸುವ ಹಸಿರು ಸ್ಪಂಜಿನಂಥ ಇಟ್ಟಿಗೆಯೂ ಬೇಡ. ಒಣಗಿದ್ದಾಗ ಅದು ಹುಡಿಹುಡಿಯಾಗಿ ಉದುರುತ್ತದೆ, ಆ ಹುಡಿ ಕಣ್ಣಿಗೂ ಉಸಿರಿಗೂ ಕೆಟ್ಟದ್ದು.

ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ವಸ್ತು ತೆಂಗಿನ ಸಿಪ್ಪೆ. ಚೆನ್ನಾಗಿ ಒಣಗಿದ ಸಿಪ್ಪೆಯನ್ನು 8 ಸೆಂ.ಮೀ. ಉದ್ದಕ್ಕೆ ತುಂಡು ಮಾಡಿ, ನಾರು ಮೇಲಿಂದ ಕೆಳಕ್ಕೆ ನಿಲ್ಲುವಂತೆ ಒಂದರ ಪಕ್ಕ ಒಂದು ಬಿಗಿಯಾಗಿ ಪಾತ್ರೆಗೆ ಇಳಿಸಬೇಕು. ನಾರಿನ ದಿಕ್ಕು ಮುಖ್ಯ. ನಿಂತ ನಾರಿನ ನಡುವೆ ಸರಿಗೆ ಸಲೀಸಾಗಿ ಇಳಿಯುತ್ತದೆ, ಸುತ್ತಲಿಂದ ನಾರು ಒತ್ತಿ ಹಿಡಿಯುತ್ತದೆ. ಅಡ್ಡ ನಾರಾದರೆ ಸರಿಗೆ ಬಾಗುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ. ಕಡ್ಡಿ ಎಷ್ಟು ಸಲ ತೆಗೆದು ಹಾಕಿದರೂ ಹಿಡಿತ ತಪ್ಪುವುದಿಲ್ಲ. ಸಿಪ್ಪೆಯನ್ನು ಮೊದಲು ನಾಲ್ಕೈದು ಬಿಸಿಲು ಕಾಣಿಸಲೇಬೇಕು. ಹಸಿ ಉಳಿದರೆ ಪಾತ್ರೆಯೊಳಗೆ ಬೂಸ್ಟು ಬಂದು ವಾಸನೆ ಹೊಡೆಯುತ್ತದೆ, ಮಣ್ಣಿನ ನೆಲದ ಮನೆಯಾದರೆ ಒರಲೆಯೂ (ಗೆದ್ದಲು) ಹುಡುಕಿಕೊಂಡು ಬರುತ್ತದೆ.

ಸಿಪ್ಪೆಯ ಅಡಿಗೆ 5 ಸೆಂ.ಮೀ. ದಪ್ಪಕ್ಕೆ ಹೊಯ್ಗೆ ಹಾಕಬೇಕು. ಈ ಅಳತೆಯ ಪಾತ್ರೆಗೆ ಅರ್ಧ ಕಿಲೋಗಿಂತ ತುಸು ಹೆಚ್ಚು ಹಿಡಿಯುತ್ತದೆ, ಆ ತೂಕ ಬೇಕು. ಕಡಪ್ಪುರದ (ಕಡಲ ದಂಡೆಯ) ಹೊಯ್ಗೆಯನ್ನು ಮಾತ್ರ ಯಾರೂ ತರಬಾರದು. ಅದರಲ್ಲಿನ ಉಪ್ಪು ಮಳೆಗಾಲದಲ್ಲಿ ಗಾಳಿಯ ನೀರು ಎಳೆದು ಇಡೀ ಬುಡವನ್ನು ತೇವ ಮಾಡುತ್ತದೆ, ಸರಿಗೆಗೆ ತುಕ್ಕು ಹಿಡಿಸುತ್ತದೆ. ಕಡಲ ಕರೆಯ ಮನೆಗಳಲ್ಲಿ ಗುಚ್ಛ ಬೇಗ ಹಾಳಾಗಲು ಇದು ದೊಡ್ಡ ಕಾರಣ. ಹೊಳೆಯ ಹೊಯ್ಗೆ ತೊಳೆದು ಒಣಗಿಸಿದ್ದು, ಅಥವಾ ಮನೆ ಕಟ್ಟುವಲ್ಲಿ ಉಳಿದ ಜಲ್ಲಿ ಹುಡಿ ಸಾಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ಯುವವರಿದ್ದಾರೆ. ಒಂದು ಲೋಟ ನೀರಿಗೆ ಒಂದೂವರೆಯಿಂದ ಎರಡು ಲೋಟ ಹುಡಿ, ಹುಡಿಯನ್ನು ನೀರಿಗೆ ಹಾಕಬೇಕು, ನೀರನ್ನು ಹುಡಿಗಲ್ಲ. ಅದು ಗಟ್ಟಿಯಾಗುವಾಗ ಬಿಸಿಯಾಗಿ ತುಸು ಹಿಗ್ಗುವುದರಿಂದ ತೆಳು ಪಿಂಗಾಣಿ ಸೀಳಬಹುದು. ಒಳಗೋಡೆಗೆ ಎರಡು ಪದರ ಪತ್ರಿಕೆಯ ಕಾಗದ ಹಾಕಿ ಹೊಯ್ಯಬೇಕು. ಒಮ್ಮೆ ಹೊಯ್ದ ಮೇಲೆ ಒಂದು ಕಡ್ಡಿಯನ್ನೂ ಅತ್ತಿತ್ತ ಮಾಡಲಾಗದು ಎಂಬ ಕಾರಣಕ್ಕೆ ಹೊಸಬರಿಗೆ ಅದನ್ನು ಹೇಳಲಾರೆವು.

ಇನ್ನು ಕಡ್ಡಿ. ಸರಿಗೆಯ ಗೇಜು ಸಂಖ್ಯೆ ಹೆಚ್ಚಾದಷ್ಟೂ ಸರಿಗೆ ಸಪೂರ. ದೊಡ್ಡ ಹೂವಿನ ಕಡ್ಡಿಗೆ 18 ಗೇಜು (ಸುಮಾರು 1.2 ಮಿ.ಮೀ.), ಎಲೆ ಮತ್ತು ಸಣ್ಣ ಹೂವಿಗೆ 20 ಗೇಜು (0.9 ಮಿ.ಮೀ.), ಎಸಳು ಕಟ್ಟಲು 26 ಗೇಜು. ಗ್ಯಾಲ್ವನೈಸ್ ಮಾಡಿದ ಜಿಐ ಸರಿಗೆಯನ್ನೇ ಕೇಳಿ ತೆಗೆದುಕೊಳ್ಳಬೇಕು. ಸಿಮೆಂಟು ಕೆಲಸದವರು ಕಬ್ಬಿಣ ಕಟ್ಟುವ ಕಪ್ಪು ಸರಿಗೆ ಅಗ್ಗ, ಬಾಗಿಸಲೂ ಮೆತ್ತಗೆ. ಆದರೆ ಅದಕ್ಕೆ ಸತುವಿನ ಲೇಪ ಇಲ್ಲ, ಮೊದಲ ಮಳೆಗೇ ತುಕ್ಕು ಹಿಡಿದು ಟೇಪಿನ ಮೇಲೆ ಕಂದು ಕಲೆ ಮೂಡುತ್ತದೆ. ಜಿಐ ಸರಿಗೆಯಲ್ಲೂ ತುಂಡು ಮಾಡಿದ ತುದಿ ಬೋಳು ಕಬ್ಬಿಣವೇ. ಅಲ್ಲಿಗೆ ಒಂದು ಚುಕ್ಕಿ ಎನಾಮೆಲ್ ಪೈಂಟೋ ನೈಲ್ ಪಾಲಿಷೋ ಹಚ್ಚಿದರೆ ಸಾಕು. ಸರಿಗೆ ಬೇಡವೆನ್ನುವವರಿಗೆ ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿ ಇದೆ. ಎರಡು ಕಡ್ಡಿಗಳನ್ನು ಬುಡ-ತುದಿ ಹಿಂದುಮುಂದು ಮಾಡಿ ಜೋಡಿಸಿ ಕಟ್ಟಿದರೆ ನೆಟ್ಟಗೂ ನಿಲ್ಲುತ್ತದೆ, ಸಹಜವಾಗಿ ತುಸು ಬಳುಕುತ್ತದೆ.

ಕಡ್ಡಿಗೆ ಸುತ್ತುವ ಹಸಿರು ಫ್ಲೋರಲ್ ಟೇಪಿನ ಬಗ್ಗೆ ಒಂದೇ ಮಾತು: ಎಳೆದು ಸುತ್ತಬೇಕು. ಅದು ಅಂಟಿನ ಟೇಪಲ್ಲ, ಮೇಣ ಸೇರಿದ ಕಾಗದ. ಒಂದು ತುದಿ ಹಿಡಿದು ಎರಡು ಪಾಲು ಉದ್ದ ಆಗುವಷ್ಟು ಎಳೆದಾಗ ಮಾತ್ರ ಮೇಣ ಹೊರಬಂದು ತನ್ನ ಮೇಲೆ ತಾನೇ ಅಂಟುತ್ತದೆ. ಹೂವನ್ನು ಎಡಗೈಯಲ್ಲಿ ತಿರುಗಿಸುತ್ತ, ಬಲಗೈಯಲ್ಲಿ ಟೇಪನ್ನು ಓರೆಯಾಗಿ ಕೆಳಕ್ಕೆ ಎಳೆಯುತ್ತ ಹೋಗಬೇಕು. ಎಳೆಯದೆ ಸುತ್ತಿದವರೇ ಟೇಪು ಬಿಚ್ಚಿಕೊಳ್ಳುತ್ತದೆಂದು ದೂರುವುದು. ಬದಲಿಗೆ ಕರೆಂಟಿನ ಇನ್ಸುಲೇಶನ್ ಟೇಪು ಸುತ್ತಿದರೆ ಏಪ್ರಿಲ್ ಸೆಕೆಗೆ ಅಂಟು ಹೊರಗೆ ಒಸರಿ ಧೂಳೆಲ್ಲ ಅದಕ್ಕೇ ಹಿಡಿಯುತ್ತದೆ.

ಅಂಗಡಿಯಲ್ಲಿ ಸಿಗುವ ಅಗ್ಗದ ಹೂವಿನ ಬಂಚುಗಳನ್ನು ಹಾಗೆಯೇ ಪಾತ್ರೆಗೆ ಇಳಿಸಬಾರದು. ಒಂದು ಬುಡದಿಂದ ಐದೋ ಏಳೋ ಹೂ ಒಂದೇ ಎತ್ತರಕ್ಕೆ ಹೊರಟಿರುತ್ತವೆ. ನೋಡಿದ ಕೂಡಲೇ ಪ್ಲಾಸ್ಟಿಕ್ ಎಂದು ಸಾರುವುದು ಆ ಸಮ ಎತ್ತರವೇ. ಕಟಿಂಗ್ ಪ್ಲೇಯರಿನಿಂದ ಒಂದೊಂದು ಕವಲನ್ನೂ ಬೇರ್ಪಡಿಸಿ, ಪ್ರತಿಯೊಂದಕ್ಕೂ ಬೇರೆ ಬೇರೆ ಉದ್ದದ ಸರಿಗೆ ಕಟ್ಟಬೇಕು. ಕತ್ತರಿ ಬಳಸಿದರೆ ಒಳಗಿನ ತಂತಿಗೆ ಬಾಯಿ ಹೋಗುತ್ತದೆ. ಹೂವಿನ ತಲೆ ಸಾಮಾನ್ಯವಾಗಿ ಒಂದು ಮೊಳೆಯಂಥ ತುದಿಗೆ ಒತ್ತಿ ಕೂರಿಸಿದ್ದಷ್ಟೇ, ಮುಟ್ಟಿದರೆ ಬಿದ್ದುಹೋಗುತ್ತದೆ. ಗ್ಲೂ ಗನ್ನಿನ ಅಂಟು ಆ ಜಾತಿಯ ನುಣುಪು ಪ್ಲಾಸ್ಟಿಕ್ಕಿಗೆ ಕೂರುವುದಿಲ್ಲ, ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ತಲೆಯ ಅಡಿಯಲ್ಲಿ ಸೂಜಿ ಕಾಯಿಸಿ ಅಡ್ಡಕ್ಕೆ ತೂತು ಮಾಡಿ 26 ಗೇಜಿನ ಸರಿಗೆ ಪೋಣಿಸಿ ಕಡ್ಡಿಗೆ ಬಿಗಿದರೆ ಅಂಟಿನ ಗೊಡವೆಯೇ ಇಲ್ಲ.

ಕೈಯಾರೆ ಹೂ ಮಾಡುವವರಿಗೆ ಟೈಲರ್ ಅಂಗಡಿಯಲ್ಲಿ ಉಳಿಯುವ ಸಾಟಿನ್ ತುಂಡುಗಳೇ ಸಾಕು. ಬಟ್ಟೆ ಪಾಲಿಯೆಸ್ಟರ್ ಹೌದೇ ಎಂದು ಮೊದಲು ಒಂದು ನೂಲು ಸುಟ್ಟು ನೋಡಬೇಕು. ಕರಗಿ ಗುಂಡು ಕಟ್ಟಿದರೆ ಪಾಲಿಯೆಸ್ಟರ್, ಬೂದಿಯಾದರೆ ಹತ್ತಿಯೋ ರೇಯಾನೋ, ಅದು ಈ ಕೆಲಸಕ್ಕಲ್ಲ. ಒಂದು ಹೂವಿಗೆ 7 ಸೆಂ.ಮೀ. ವ್ಯಾಸದ ಮೂರು ವೃತ್ತ, 6ರದ್ದು ಮೂರು, 5ರದ್ದು ಮೂರು, 4ರದ್ದು ಎರಡು. ಪ್ರತಿ ವೃತ್ತಕ್ಕೂ ಅಂಚಿನಿಂದ ಒಳಕ್ಕೆ ಐದು ಸೀಳು ಕೊಡಬೇಕು, ನಡುವೆ ಒಂದೂವರೆ ಸೆಂ.ಮೀ. ಸೀಳದೆ ಉಳಿಯಲಿ. ಅತಿ ಸಣ್ಣ ವೃತ್ತಕ್ಕೆ ನಾಲ್ಕು ಸೀಳು ಸಾಕು. ಆಮೇಲೆ ಮೇಣದ ಬತ್ತಿಯ ಕೆಲಸ. ಬಟ್ಟೆಯ ಅಂಚನ್ನು ಜ್ವಾಲೆಯ ಬುಡದ ಪಕ್ಕಕ್ಕೆ, ಒಂದು ಸೆಂ.ಮೀ. ದೂರಕ್ಕೆ ತಂದು ನಿಧಾನವಾಗಿ ತಿರುಗಿಸಿದರೆ ಅಂಚು ಕರಗಿ ಒಳಕ್ಕೆ ಸುರುಟಿಕೊಳ್ಳುತ್ತದೆ, ನೂಲು ಬಿಚ್ಚುವುದೂ ನಿಲ್ಲುತ್ತದೆ. ಜ್ವಾಲೆಯ ತುದಿಯ ಮೇಲೆ ಹಿಡಿದರೆ ಮಸಿ ಹತ್ತುತ್ತದೆ. ತಿಳಿ ಗುಲಾಬಿ ಬಟ್ಟೆಯ ಅಂಚಿನಲ್ಲಿ ಕಪ್ಪು ಗೆರೆ ಬರುವುದು ಅದರಿಂದಲೇ. ಫ್ಯಾನ್ ಆರಿಸಿ, ಪಕ್ಕದಲ್ಲೊಂದು ಬಟ್ಟಲು ನೀರಿಟ್ಟುಕೊಂಡು ಕೂತುಕೊಳ್ಳಬೇಕು, ಕರಗಿದ ಪಾಲಿಯೆಸ್ಟರ್ ಬೆರಳಿಗೆ ಅಂಟಿದರೆ ಕೂಡಲೇ ಬಿಡುವುದಿಲ್ಲ. ಮಕ್ಕಳಿಗೆ ಈ ಭಾಗ ಕೊಡಬಾರದು.

ಜೋಡಿಸುವಾಗ ದೊಡ್ಡ ವೃತ್ತ ಕೆಳಗೆ, ಸಣ್ಣದು ಮೇಲೆ. ಒಂದರ ಸೀಳಿನ ಮೇಲೆ ಇನ್ನೊಂದರ ಎಸಳು ಬರುವಂತೆ ತಿರುಗಿಸಿ ಇಡಬೇಕು. 26 ಗೇಜಿನ ಸರಿಗೆಗೆ ಒಂದು ಮಣಿ ಪೋಣಿಸಿ, ಸರಿಗೆಯನ್ನು ಮಡಚಿ ಎರಡು ತುದಿಗಳನ್ನೂ ಎಲ್ಲ ಪದರಗಳ ನಡುವಿನಿಂದ ಕೆಳಕ್ಕೆ ಎಳೆದು, ಅಡಿಯಲ್ಲಿ ನಾಲ್ಕು ಸುತ್ತು ಹೊಸೆದು ದಪ್ಪ ಸರಿಗೆಗೆ ಬಿಗಿಯಬೇಕು. ಇಡೀ ಹೂವಿನಲ್ಲಿ ಒಂದು ತೊಟ್ಟು ಗೋಂದಿಲ್ಲ. ಮಳೆಗಾಲದಲ್ಲಿ ಬಿಟ್ಟುಹೋಗಲು ಏನೂ ಇಲ್ಲ ಎಂಬುದೇ ಇದರ ಹೆಚ್ಚುಗಾರಿಕೆ.

ಕ್ರೇಪ್ ಕಾಗದದ ಹೂ ಮುಟ್ಟಲು ಜೀವ ಬಂದಂತಿರುತ್ತದೆ, ಆದರೆ ಮಳೆಗಾಲಕ್ಕೆ ಅದು ಸೋಲುತ್ತದೆ. ತೇವ ತಾಗಿದರೆ ಕೆಂಪು ಬಣ್ಣ ಮೇಜುಬಟ್ಟೆಗೂ ಇಳಿಯುತ್ತದೆ. ಮಾಡುವುದೇ ಆದರೆ ಕಾಗದದ ನೆರಿಗೆ ಗೆರೆಗಳು ಎಸಳಿನ ಉದ್ದಕ್ಕೆ ಬರುವಂತೆ ಕತ್ತರಿಸಬೇಕು. ಆಗ ಮಾತ್ರ ಹೆಬ್ಬೆರಳಿನಿಂದ ಅಡ್ಡಕ್ಕೆ ಎಳೆದಾಗ ಎಸಳು ಬಟ್ಟಲಿನಂತೆ ಗುಳಿ ಬೀಳುತ್ತದೆ. ಹೂ ಮುಗಿದ ಮೇಲೆ ಕರಗಿಸಿದ ಮೇಣದಲ್ಲಿ ಒಮ್ಮೆ ಅದ್ದಿ ತಲೆಕೆಳಗಾಗಿ ತೂಗಿಸಿದರೆ ತೇವ ತಡೆಯುತ್ತದೆ. ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು, ನೇರ ಗ್ಯಾಸಿನ ಮೇಲೆ ಇಟ್ಟರೆ ಬೆಂಕಿ ಹತ್ತೀತು.

ಅಡಿಕೆ ತೋಟದ ನಾಡಿನಲ್ಲಿ ಅಡಿಕೆ ಹಾಳೆಯ ಹೂವನ್ನು ಮರೆತರೆ ಹೇಗೆ? ಜನವರಿಯಿಂದ ಮೇ ನಡುವೆ ಬಿದ್ದ ಶುಭ್ರ ಹಾಳೆಯನ್ನೇ ಆರಿಸಬೇಕು, ಮಳೆಗೆ ಬಿದ್ದದ್ದರಲ್ಲಿ ಕಪ್ಪು ಬೂಸ್ಟಿನ ಚುಕ್ಕೆ ಹೋಗುವುದೇ ಇಲ್ಲ. ಅರ್ಧ ಗಂಟೆ ನೀರಲ್ಲಿ ನೆನೆಸಿ ತಿಕ್ಕಿ ತೊಳೆದು, ಮೆತ್ತಗಿರುವಾಗಲೇ 5 ಸೆಂ.ಮೀ. ಉದ್ದ, ಮೂರೂವರೆ ಸೆಂ.ಮೀ. ಅಗಲದ ಎಸಳುಗಳನ್ನು ಕತ್ತರಿಸಬೇಕು. ಹಾಳೆಯ ನಾರು ಎಸಳಿನ ಉದ್ದಕ್ಕೇ ಇರಲಿ; ಅಡ್ಡಕ್ಕೆ ಬಂದರೆ ಒಣಗುವಾಗ ಸೀಳುತ್ತದೆ. ಒದ್ದೆ ಎಸಳನ್ನು ಸಾರಿನ ಸೌಟಿನ ಬೆನ್ನಿಗೆ ಒತ್ತಿ ನೂಲು ಸುತ್ತಿ ನೆರಳಲ್ಲಿ ಒಂದು ದಿನ ಇಟ್ಟರೆ ಆ ಬಾಗು ಹಾಗೇ ನಿಲ್ಲುತ್ತದೆ. ಬಿಸಿಲಿಗಿಟ್ಟರೆ ಅಂಚು ಮುದುಡಿ ಒಡೆಯುತ್ತದೆ. ಎಸಳಿನ ಬುಡದಲ್ಲಿ ಕಾದ ಸೂಜಿಯಿಂದ ಎರಡು ತೂತು ಮಾಡಿ ಐದೈದು ಎಸಳು ಸರಿಗೆಯಲ್ಲಿ ಪೋಣಿಸಿದರೆ ಹೂ ಸಿದ್ಧ. ಬಣ್ಣ ಬಳಿಯುವ ಅಗತ್ಯವಿಲ್ಲ, ಆ ಕೆನೆ ಬಣ್ಣಕ್ಕೆ ಸಮನಾದ ಬಟ್ಟೆ ಅಂಗಡಿಯಲ್ಲಿ ಇಲ್ಲ. ನಡುವೆ ಒಂದು ಮಂಜೊಟ್ಟಿ ಕಾಳು (ಹೊಳೆಯುವ ಕೆಂಪು ಬೀಜ) ಚಂದ. ಗುಲಗಂಜಿ ಮಾತ್ರ ಬೇಡ, ಅದು ವಿಷದ ಬೀಜ, ತೂತು ಮಾಡಿದರೆ ಇನ್ನೂ ಅಪಾಯ, ಮನೆಯಲ್ಲಿ ಮಕ್ಕಳಿರುತ್ತಾರೆ. ಅಡಿಕೆ ಬಿಡಿಸಿ ಉಳಿದ ಗೊನೆಯ ಒಣ ಕವಲು, ಗಾಳಿಮರದ ಕಾಯಿ ಇವನ್ನೂ ಒಣಗಿಸಿ ತೆಳುವಾಗಿ ವಾರ್ನಿಶ್ ಹಚ್ಚಿ ಎಲೆಗಳ ನಡುವೆ ಸೇರಿಸಬಹುದು.

ಈಗ ಜೋಡಣೆ. ಎಲೆಯ ಕವಲು ಒಂಬತ್ತು, ಮೊಗ್ಗು ಮೂರು, ದೊಡ್ಡ ಹೂ ಐದು, ಸಣ್ಣ ಹೂ ಏಳು: ಈ ಪಾತ್ರೆಗೆ ಇದಕ್ಕಿಂತ ಹೆಚ್ಚು ಬೇಡ. ಮೊದಲು ಎಲೆ. ಮೂರು ಉದ್ದ ಕವಲು ಹಿಂದೆ, ಆರು ಗಿಡ್ಡ ಕವಲು ಬಾಯಿಯ ಸುತ್ತ, ಅವುಗಳಲ್ಲಿ ಎರಡಾದರೂ ಅಂಚು ದಾಟಿ ಕೆಳಗೆ ಬಾಗಿರಲಿ. ಪಾತ್ರೆಗೂ ಹೂವಿಗೂ ಸಂಬಂಧ ಹುಟ್ಟಿಸುವುದು ಆ ಬಾಗಿದ ಎಲೆಗಳೇ. ಆಮೇಲೆ ಅತಿ ಎತ್ತರದ ಮೊಗ್ಗು. ಕಡ್ಡಿ 36 ಸೆಂ.ಮೀ. ಇದ್ದರೆ 12 ಸೆಂ.ಮೀ. ಸಿಪ್ಪೆ ದಾಟಿ ಹೊಯ್ಗೆಯವರೆಗೆ ಇಳಿಯುತ್ತದೆ, ಸಿಪ್ಪೆಯ ಮೇಲ್ಭಾಗ ಬಾಯಿಗಿಂತ 2 ಸೆಂ.ಮೀ. ಕೆಳಗಿರುವುದರಿಂದ ಬಾಯಿಯಿಂದ ಮೇಲೆ ಸುಮಾರು 22 ಕಾಣುತ್ತದೆ. ಪಾತ್ರೆಯ ಎತ್ತರದ ಒಂದೂವರೆ ಪಾಲು ಎಂಬ ಲೆಕ್ಕ ಇದೇ. ಉಳಿದೆರಡು ಮೊಗ್ಗು 19 ಮತ್ತು 16ಕ್ಕೆ. ದೊಡ್ಡ ಹೂಗಳು 14, 11, 9, 6, 4 ಸೆಂ.ಮೀ. ಎತ್ತರಕ್ಕೆ, ಎಲ್ಲಕ್ಕಿಂತ ಅರಳಿದ್ದು ಎಲ್ಲಕ್ಕಿಂತ ಕೆಳಗೆ, ತುಸು ಮುಂದಕ್ಕೆ ಬಾಗಿ. ದೊಡ್ಡ ಹೂ ಮೇಲೆ ಹೋದರೆ ನೋಡುವವರಿಗೆ ಗುಚ್ಛ ಈಗ ಬೀಳುತ್ತದೆ, ಆಗ ಬೀಳುತ್ತದೆ ಎನ್ನಿಸುತ್ತದೆ. ಕಡ್ಡಿಗಳೆಲ್ಲ ಪಾತ್ರೆಯ ನಡುವಿನ ಒಂದೇ ಬಿಂದುವಿನಿಂದ ಹೊರಟಂತೆ ಓರೆಯಾಗಿ ಚುಚ್ಚಬೇಕು. ಸಮಾನಾಂತರವಾಗಿ ನೆಟ್ಟರೆ ಬೇಲಿಯಾಗುತ್ತದೆ. ಎರಡು ಹೂಗಳನ್ನಾದರೂ ಪಕ್ಕಕ್ಕೆ ತಿರುಗಿಸಿ ಬೆನ್ನು ಕಾಣುವಂತೆ ಇಡಿ. ಗಿಡದಲ್ಲಿ ಯಾವ ಹೂಗಳೂ ಎಲ್ಲವೂ ಒಂದೇ ಕಡೆ ಮುಖ ಮಾಡುವುದಿಲ್ಲ. ಸಣ್ಣ ಹೂ ಕೊನೆಗೆ, ಖಾಲಿ ಕಂಡಲ್ಲಿಗೆ. ಎಲ್ಲ ಖಾಲಿಯನ್ನೂ ತುಂಬಬೇಕಾಗಿಲ್ಲ. ಗೋಡೆಗೆ ತಾಗಿಸಿ ಇಡುವುದಾದರೆ ಹಿಂಬದಿಗೆ ಎಲೆ ಸಾಕು, ಅಲ್ಲಿ ಹೂ ಹಾಕಿದರೆ ವ್ಯರ್ಥ. ಊಟದ ಮೇಜಿಗಾದರೆ ಪಾತ್ರೆಯೇ ಗಿಡ್ಡದ್ದಿರಲಿ, ಎದುರು ಕೂತವರ ಮುಖ ಮರೆಯಾಗಬಾರದು. ಕಾಲುದೀಪದ ಪಕ್ಕ ಮಾತ್ರ ಎಂದಿಗೂ ಇಡಬೇಡಿ, ಸಾಟಿನ್ನೂ ಪ್ಲಾಸ್ಟಿಕ್ಕೂ ಉರಿಯುತ್ತ ತೊಟ್ಟಿಕ್ಕುತ್ತವೆ.

ಎಲ್ಲಾದರೂ ಗೋಂದು ಬೇಕೇ ಬಂದರೆ ಸಾಮಾನ್ಯ ಬಿಳಿ ಫೆವಿಕಾಲ್ ತೇವಕ್ಕೆ ಮೆತ್ತಗಾಗುತ್ತದೆ. ನೀರು ತಡೆಯುವ ಮರೈನ್ ಜಾತಿಯದು ಸ್ವಲ್ಪ ದುಬಾರಿಯಾದರೂ ಅದೇ ಒಳ್ಳೆಯದು. ಸೂಪರ್ ಗ್ಲೂ ಹಾಕಿದಲ್ಲಿ ಸುತ್ತಲೂ ಬಿಳಿ ಮಂಕು ಕೂರುತ್ತದೆ, ಕಡು ಬಣ್ಣದ ಎಸಳಿನ ಮೇಲೆ ಅದು ಎದ್ದು ಕಾಣುತ್ತದೆ.

ಆರೈಕೆ ದೊಡ್ಡದಲ್ಲ. ವಾರಕ್ಕೊಮ್ಮೆ ಮೆತ್ತನೆಯ ಪೈಂಟ್ ಬ್ರಷ್ಷಿನಿಂದ ಧೂಳು ತೆಗೆದರೆ ಆಯಿತು. ಪ್ಲಾಸ್ಟಿಕ್ ಹೂವನ್ನು ಸೋಪಿನ ನೀರಲ್ಲಿ ತಲೆಕೆಳಗಾಗಿ ಅದ್ದಿ ತೆಗೆಯಬಹುದು, ಸರಿಗೆ ಕಟ್ಟಿದ ಭಾಗ ನೀರಿಗೆ ಇಳಿಯಬಾರದು. ಚೀಲದಲ್ಲಿ ಕಲ್ಲುಪ್ಪು ಹಾಕಿ ಹೂವನ್ನು ಕುಲುಕುವ ಉಪಾಯ ಒಣ ಊರಿಗೆ ಸರಿ, ನಮ್ಮಲ್ಲಿ ಎಸಳ ಸಂದಿಯಲ್ಲಿ ಉಳಿದ ಉಪ್ಪು ನೀರೊಡೆದು ಸರಿಗೆಯನ್ನು ತಿನ್ನುತ್ತದೆ. ಕಿಟಕಿಯ ನೇರ ಬಿಸಿಲಿಗೆ ಕೆಂಪೂ ನೇರಳೆಯೂ ಬೇಗ ಮಾಸುತ್ತವೆ. ಜೂನಿಗೆ ಮೊದಲು ಒಂದು ಬಿಸಿಲು ದಿನ ನೋಡಿ ಸಿಪ್ಪೆಯನ್ನು ಹೊರಗೆ ತೆಗೆದು ಒಣಗಿಸಿ ಮತ್ತೆ ತುಂಬಿಸುವುದು ಒಳ್ಳೆಯದು. ಎತ್ತಿಡುವುದಾದರೆ ರಟ್ಟಿನ ಪೆಟ್ಟಿಗೆ ಬೇಡ, ರಟ್ಟು ತಾನೇ ತೇವ ಹೀರುತ್ತದೆ. ಮುಚ್ಚಳ ಬಿಗಿಯಾದ ತಗಡಿನ ಡಬ್ಬಿ ಇರಲಿ.

ತಮ್ಮಲ್ಲಿ ನಮ್ಮ ವಿನಂತಿ ಇಷ್ಟು. ಹಬ್ಬದ ಪುರವಣಿಯಲ್ಲಿ ಇಂಥ ಕರಕುಶಲ ವಿಧಾನ ಪ್ರಕಟಿಸುವಾಗ ಸಾಮಾನಿನ ಗೇಜು, ಉದ್ದ, ತೂಕಗಳನ್ನು ಬರೆಯಿರಿ, ಕರಾವಳಿಯ ಮಳೆಗೆ ಅದು ತಾಳುತ್ತದೆಯೇ ಎಂಬ ಒಂದು ಸಾಲನ್ನೂ ಸೇರಿಸಿರಿ. ಕನ್ನಡ ಮಾಧ್ಯಮ ಶಾಲೆಗಳಲ್ಲಿ ವೃತ್ತಿ ಪರಿಚಯ ಮೇಳಕ್ಕೆ ಮಕ್ಕಳನ್ನು ತಯಾರು ಮಾಡುವ ಅಧ್ಯಾಪಕರು ಥರ್ಮೋಕೋಲ್ ಬಿಟ್ಟು ಸಿಪ್ಪೆ, ಹಾಳೆಗಳನ್ನು ಮಕ್ಕಳ ಕೈಗೆ ಕೊಡಲಿ. ಹಾರ್ಡ್‌ವೇರ್ ಅಂಗಡಿಯವರು ಜಿಐ ಸರಿಗೆಯನ್ನು ಕಿಲೋ ಲೆಕ್ಕದ ಬದಲು ಐದು ಮೀಟರಿನ ಸಣ್ಣ ಸುರುಳಿಯಾಗಿ ಕೊಟ್ಟರೆ ಮನೆಯವರಿಗೆ ಉಪಕಾರ. ಹಳೆಯ ಗುಚ್ಛ ಬಿಚ್ಚುವಾಗ ಸರಿಗೆಯನ್ನೂ ಪ್ಲಾಸ್ಟಿಕನ್ನೂ ಬೇರೆ ಮಾಡಿ, ತೊಳೆದು ಒಣಗಿಸಿಯೇ ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡಬೇಕು. ಸಿಪ್ಪೆಯೂ ಹಾಳೆಯೂ ತೆಂಗಿನ ಬುಡಕ್ಕೆ ಹೋಗಲಿ, ಸರಿಗೆ ನೆಟ್ಟಗೆ ಮಾಡಿದರೆ ಮುಂದಿನ ಗುಚ್ಛಕ್ಕೆ ಆಗುತ್ತದೆ.

ಇತಿ,
ಹೂ ಕಟ್ಟುವ ಓದುಗರು, ಬದಿಯಡ್ಕ